ತಲೈವರು ಕಟ್ಟಿಸಿದ ಬೇವು

ಪಂಚಾಯಿತಿಯ ತಗಡು ಕರುಪ್ಪಸಾಮಿಯ ಕೋಳಿಗೂಡಿನ ಮೇಲೆ ಸಿಕ್ಕಿದ ದಿನ ತಂಗವೇಲ್‌ಗೆ ಊರವರಿಂದ ತಲೈವರೆ ಅನ್ನಿಸಿಕೊಳ್ಳುವ ಅಧ್ಯಕ್ಷಗಿರಿಯೇ ಬೇಡವೆನ್ನಿಸಿತು. ಸುತ್ತಲ ಪಂಚಾಯಿತಿಗಳಿಗೆಲ್ಲ ಮೇಲಾದ ಯೂನಿಯನ್ ಆಫೀಸಿಗೆ ಅಲೆದು ಅಲೆದು, ಚಪ್ಪಲಿ ಸವೆಸಿ ತಂದಿದ್ದ ತಗಡು ಅದು. ಕೊರೋನ ಬಂದ ಮನೆಯ ಬಾಗಿಲಿಗೆ ಅಡ್ಡ ಹೊಡೆಯಲೆಂದು ಕೊಟ್ಟದ್ದು. ಯಾರೂ ಹೊತ್ತುಕೊಂಡು ಹೋಗದಿರಲಿ ಎಂದು ಅದರ ಮೇಲೆ ಕೆಂಪು ಬಣ್ಣದಲ್ಲಿ ಊರಿನ ಹೆಸರನ್ನೂ ಬರೆಸಿದ್ದ. ಈಗ ಆ ಹೆಸರಿನ ಮೇಲೆ ಒಂದು ಹುಂಜ ನಿಂತು ಅವನನ್ನೇ ಓರೆಗಣ್ಣಿನಿಂದ ನೋಡುತ್ತಿತ್ತು. ಕರುಪ್ಪಸಾಮಿಯನ್ನು ಕರೆದು ಕೇಳಿದರೆ ಅವನಿಗೆ ನಾಚಿಕೆಯೂ ಇಲ್ಲ, ಹೆದರಿಕೆಯೂ ಇಲ್ಲ. ಜ್ವರ ಬಿಟ್ಟಿತು, ತಗಡು ಸುಮ್ಮನೆ ಯಾಕೆ ಬಿಸಿಲಲ್ಲಿ ಕಾಯಬೇಕು, ಕೋಳಿಗಾದರೂ ನೆರಳಾಗಲಿ ಎಂದು ಹಾಕಿದೆ ಅಂದ. ಜ್ವರ ಬಿಟ್ಟಿರಲಿಲ್ಲ. ಅಷ್ಟು ಹೇಳುವುದರೊಳಗೆ ನಾಲ್ಕು ಸಲ ಕೆಮ್ಮಿದ.

ವೇಲಪ್ಪನ್‌ಪಟ್ಟಿ ತಮಿಳು ಸೀಮೆಯ ತೇನಿ ಜಿಲ್ಲೆಯಲ್ಲಿ ತೇವಾರಂ ದಾಟಿ ಬೆಟ್ಟದ ಬುಡದ ಕಡೆಗೆ ತಿರುಗಿದರೆ ಸಿಗುವ ಊರು. ಸುತ್ತ ದ್ರಾಕ್ಷಿ ಚಪ್ಪರ, ತೆಂಗು, ಅಲ್ಲಲ್ಲಿ ಬಾಳೆ. ಊರಿನ ಮುಕ್ಕಾಲು ಪಾಲು ಮನೆಗಳಲ್ಲಿ ಆಡುವ ಮಾತು ಕನ್ನಡ. ಯಾವ ಕಾಲದಲ್ಲಿ ಯಾರ ಕಾಟ ತಾಳಲಾರದೆ ಇಲ್ಲಿಗೆ ಬಂದರೋ ಯಾರಿಗೂ ನೆಟ್ಟಗೆ ಗೊತ್ತಿಲ್ಲ. ಬಂದವರು ಮಾತನ್ನೂ ಹೊತ್ತು ತಂದರು, ಹಟವನ್ನೂ ಹೊತ್ತು ತಂದರು. ಮಾತು ಈಚೆಗೆ ಸ್ವಲ್ಪ ಸವೆದಿದೆ, ಹಟ ಸವೆದಿಲ್ಲ. ತಂಗವೇಲ್ ಮನೆಯೊಳಗೆ ಕನ್ನಡ ಆಡುತ್ತಿದ್ದ, ಹೊರಗೆ ತಮಿಳು ಆಡುತ್ತಿದ್ದ, ಸಿಟ್ಟು ಬಂದರೆ ಎರಡನ್ನೂ ಕಲಸಿ ಆಡುತ್ತಿದ್ದ. ಈ ಎರಡನೇ ಅಲೆಯಲ್ಲಿ ಅವನು ಕಲಸಿ ಆಡಿದ್ದೇ ಹೆಚ್ಚು.

ಚುನಾವಣೆಗೆ ನಿಂತಾಗ ಅವನು ಕೊಟ್ಟ ಮಾತು ಕುಡಿಯುವ ನೀರಿನದು, ಬೀದಿ ದೀಪದ್ದು. ಗೆದ್ದ ಹಾರ ಒಣಗುವ ಹೊತ್ತಿಗೆ ಊರಿಗೆ ಊರೇ ಬೀಗ ಹಾಕಿಕೊಂಡಿತು. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಅಂದರೆ ಇದೇ. ಚಪ್ಪರದ ದ್ರಾಕ್ಷಿ ಕೊಳ್ಳುವವರಿಲ್ಲದೆ ಕೊಳೆಯುತ್ತಿದ್ದರೆ ಇವನು ಬೀದಿ ಬೀದಿಗೆ ಬ್ಲೀಚಿಂಗ್ ಪುಡಿ ಹಾಕಿಸುತ್ತಿದ್ದ. ಕಷಾಯ ಕಾಯಿಸಿ ಹಂಚಿಸಿದರೆ ಕಹಿ ಎಂದು ಚರಂಡಿಗೆ ಸುರಿದರು. ಮೈಕು ಕಟ್ಟಿಸಿ ಕೂಗಿಸಿದರೆ ಕಿವಿ ನೋಯುತ್ತದೆ ಅಂದರು. ಬಾಗಿಲಿಗೆ ಕ್ವಾರಂಟೈನ್ ಚೀಟಿ ಅಂಟಿಸಿದರೆ ಅದರ ಮೇಲೆ ಮುರುಗನ ಕ್ಯಾಲೆಂಡರ್ ನೇತುಹಾಕಿದರು. ಇತ್ತ ಯೂನಿಯನ್ ಆಫೀಸಿನ ಅಧಿಕಾರಿ ದಿನಾ ಫೋನು ಮಾಡಿ, ಜಿಲ್ಲೆಯಲ್ಲೇ ನಿಮ್ಮೂರಿನ ರೋಗಿಗಳಷ್ಟು ಓಡಾಡುವ ರೋಗಿಗಳು ಇಲ್ಲವಂತಲ್ಲ ತಲೈವರೆ, ಎಂದು ನಗುತ್ತಿದ್ದರು. ಆ ನಗುವನ್ನು ಕೇಳಿದಾಗಲೆಲ್ಲ ತಂಗವೇಲ್‌ಗೆ ಫೋನನ್ನು ಬಾವಿಗೆ ಎಸೆಯಬೇಕು ಅನ್ನಿಸುತ್ತಿತ್ತು.

ಕೋಳಿಗೂಡಿನ ಸಂಗತಿಯನ್ನು ಅವನು ಹೋಗಿ ಹೇಳಿಕೊಂಡದ್ದು ಅಕ್ಕನ ಹತ್ತಿರ. ಪಾಂಡಿಯಮ್ಮಾಳ್ ಅವನಿಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ತಾಯಿ ತೀರಿಕೊಂಡ ಮೇಲೆ ಎತ್ತಿ ಆಡಿಸಿದವಳು ಅವಳೇ. ಚುನಾವಣೆಯಲ್ಲಿ ಮನೆ ಮನೆಗೆ ಹೋಗಿ ಓಟು ಕೇಳಿದವಳೂ ಅವಳೇ. ಅವಳು ಕೇಳಿದರೆ ಯಾರೂ ಇಲ್ಲವೆನ್ನುತ್ತಿರಲಿಲ್ಲ. ಯಾಕೆಂದರೆ ಊರಿನ ಯಾವ ಮನೆಯಲ್ಲಿ ಮಗುವಿನ ಮೈಮೇಲೆ ಗುಳ್ಳೆಯಾಗಿ ಅಮ್ಮ ಎದ್ದರೂ ಮೊದಲು ಕರೆ ಹೋಗುತ್ತಿದ್ದುದು ಪಾಂಡಿಯಮ್ಮಾಳ್‌ಗೆ. ಅವಳು ತಲೆಗೆ ಸ್ನಾನ ಮಾಡಿ, ಬರಿಗಾಲಲ್ಲಿ ಬಂದು, ಬಾಗಿಲಿಗೆ ಬೇವಿನ ಗೊಂಚಲು ಕಟ್ಟುತ್ತಿದ್ದಳು. ಅಲ್ಲಿಂದಾಚೆಗೆ ಆ ಮನೆಯಲ್ಲಿ ಒಗ್ಗರಣೆ ಇಲ್ಲ, ಚಪ್ಪಲಿ ಇಲ್ಲ, ಹೊರಗಿನವರು ಒಳಗಿಲ್ಲ, ಒಳಗಿನವರು ಹೊರಗಿಲ್ಲ. ಅಮ್ಮ ಇಳಿದ ಮೇಲೆ ಬೇವು ಅರಿಶಿನ ಹಾಕಿ ಬಿಸಿಲಲ್ಲಿ ಕಾಯಿಸಿದ ನೀರನ್ನು ತಲೆಗೆ ಹೊಯ್ಯುವವಳೂ ಅವಳೇ. ಹಾಗೆ ಮೂರು ನೀರಾದ ಮೇಲೆ ಗೊಂಚಲನ್ನು ಇಳಿಸುವವಳೂ ಅವಳೇ.

ತಮ್ಮನ ಗೋಳನ್ನೆಲ್ಲ ಕೇಳಿ ಅವಳು ಎಲೆ ಅಡಿಕೆ ಉಗಿದು ಬಂದಳು.

"ನಿನ್ನ ತಗಡು ಪೊಲೀಸ್ನೋರ ಸಾಮಾನು ತಂಬಿ. ಅದಕ್ಕೆ ಯಾವನು ಅಂಜ್ತಾನೆ? ಬಾಗ್ಲಿಗೆ ಬೇವು ಕಟ್ಟು. ಒಬ್ಬ ಒಳಕ್ಕೋಗಲ್ಲ, ಒಬ್ಬ ಈಚೆ ಬರಲ್ಲ."

ತಂಗವೇಲ್ ಇಷ್ಟು ಹೊತ್ತು ಇದು ತನಗೆ ಯಾಕೆ ಹೊಳೆಯಲಿಲ್ಲವೆಂದು ತೊಡೆ ತಟ್ಟಿಕೊಂಡ. ಮರುದಿನವೇ ಪಂಚಾಯಿತಿಯ ಗಾಡಿಯಲ್ಲಿ ಬೇವಿನ ಸೊಪ್ಪು ಬಂತು. ಜ್ವರದ ಮನೆಗಳಿಗೆಲ್ಲ ಪಾಂಡಿಯಮ್ಮಾಳ್ ತಾನೇ ಹೋಗಿ ಗೊಂಚಲು ಕಟ್ಟಿದಳು. ಏನಾಶ್ಚರ್ಯ! ತಗಡಿಗೆ, ಚೀಟಿಗೆ, ಮೈಕಿಗೆ ಬಗ್ಗದ ಊರು ಒಂದು ಹಿಡಿ ಸೊಪ್ಪಿಗೆ ಬಗ್ಗಿತು. ಚಹದಂಗಡಿಯ ಮುಂದೆ ಗುಂಪು ಸೇರುವುದು ನಿಂತಿತು. ಬೀದಿ ಎಂಬ ಬೀದಿ ಬಿಕೋ ಎಂದಿತು. ಕರುಪ್ಪಸಾಮಿ ಕೂಡ ಬಾಗಿಲು ದಾಟಲಿಲ್ಲ, ಕೋಳಿಗೆ ಕಾಳನ್ನು ಕಿಟಕಿಯಿಂದಲೇ ಎಸೆದ. ಯೂನಿಯನ್ ಅಧಿಕಾರಿ ಜೀಪಿನಲ್ಲಿ ಬಂದು ಬೇವಿನ ಬಾಗಿಲ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಗೂಡಲೂರು ಕಡೆಯ ಒಬ್ಬ ಅಧ್ಯಕ್ಷ ಫೋನು ಮಾಡಿ, ಹೇಗೆ ಮಾಡಿದಿರಿ ಎಂದು ವಿಚಾರಿಸಿದ. ತಂಗವೇಲ್ ಆ ವಾರ ಮೀಸೆಗೆ ಎಣ್ಣೆ ಹಾಕಿದ.

ಮೊದಲು ಗೊಣಗಿದವಳು ಮಣಿಮೇಗಲೈ. ಅವಳು ಊರಿನ ಆರೋಗ್ಯ ನರ್ಸು; ಬೆರಳಿಗೆ ಸಿಕ್ಕಿಸಿ ಉಸಿರಿನ ಅಳತೆ ನೋಡುವ ಪುಟ್ಟ ಮಿಷನ್ನು ಹಿಡಿದು ಮನೆ ಮನೆ ಸುತ್ತುವುದು ಅವಳ ಕೆಲಸ. ತನ್ನನ್ನು ಯಾರೂ ಒಳಗೆ ಬಿಡುತ್ತಿಲ್ಲ ಅಂದಳು. ಮಾತ್ರೆ ಕೊಟ್ಟರೆ ಹೊಸಿಲ ಮೇಲೆ ಇಡು ಅನ್ನುತ್ತಾರೆ, ಮರುದಿನ ಹೋದರೆ ಅದು ಅಲ್ಲೇ ಇರುತ್ತದೆ. ಅಮ್ಮ ಬಂದ ಮೈಗೆ ಮಾತ್ರೆ ಕೊಟ್ಟರೆ ಅಮ್ಮನಿಗೆ ಸಿಟ್ಟು ಬರುತ್ತದಂತೆ. ತಂಗವೇಲ್ ಕೇಳಿಸಿಕೊಂಡ, ಆದರೆ ಕಿವಿಗೆ ಹಾಕಿಕೊಳ್ಳಲಿಲ್ಲ. ಇಷ್ಟು ದಿನಕ್ಕೆ ಒಂದು ಉಪಾಯ ಫಲಿಸಿದೆ, ಅದಕ್ಕೂ ಕೊಂಕು ತೆಗೆದರೆ ಹೇಗೆ ಎಂದು ಅವಳ ಮೇಲೆಯೇ ರೇಗಿದ.

ಅವಳು ಹೇಳಿದ್ದು ನಿಜವೆಂದು ಗೊತ್ತಾಗಲು ಒಂದು ಹೆಣ ಬೀಳಬೇಕಾಯಿತು. ಕೆಳಬೀದಿಯ ರಾಮರ್ ಗಟ್ಟಿ ಆಳು, ಏಲಕ್ಕಿ ಮೂಟೆಯನ್ನು ಒಬ್ಬನೇ ಎತ್ತಿ ಜೀಪಿಗೆ ಹಾಕುತ್ತಿದ್ದವನು. ಬೇವಿನ ಹಾಸಿನ ಮೇಲೆ ಮಲಗಿದ್ದವನು ಉಸಿರು ಕಟ್ಟಿ ಸತ್ತ. ಮನೆಯವರು ಯಾರಿಗೂ ಫೋನು ಮಾಡಿರಲಿಲ್ಲ. ಯಾರೋ ಕರೆಸಿದ ಆಂಬುಲೆನ್ಸನ್ನು ಬಾಗಿಲಿಂದಲೇ ವಾಪಸು ಕಳಿಸಿದ್ದರಂತೆ. ತಂಗವೇಲ್ ಹೋಗಿ ಬೀದಿಯಲ್ಲಿ ನಿಂತು, ಯಾಕೆ ಹೀಗೆ ಮಾಡಿದಿರಿ ಎಂದು ಕೂಗಾಡಿದ. ರಾಮರ್‌ನ ಹೆಂಡತಿ ಬಾಗಿಲಿಗೆ ಬಂದು ಒಂದೇ ಮಾತು ಅಂದಳು.

"ನೀವೇ ಅಲ್ವಾ ತಲೈವರೆ ಬೇವು ಕಟ್ಟಿಸಿದ್ದು?"

ತಂಗವೇಲ್ ಬಂದ ದಾರಿಯಲ್ಲೇ ತಿರುಗಿ ನಡೆದ. ರೋಗ ಬೀದಿಗೆ ಬರದಿರಲಿ ಎಂದು ಅವನು ಬೇವು ಕಟ್ಟಿಸಿದ್ದ. ಬಾಗಿಲಿಗೆ ಬೇವು ಬಂದರೆ ಒಳಗೆ ಬಂದಿರುವುದು ರೋಗವಲ್ಲ, ಅಮ್ಮ ಎಂದು ಹುಟ್ಟಿದಾಗಿನಿಂದ ತಿಳಿದಿದ್ದೂ ಅದನ್ನು ಮರೆತಿದ್ದ. ಅಮ್ಮನನ್ನು ಆಸ್ಪತ್ರೆಗೆ ಸಾಗಿಸುವ ಗಂಡು ಈ ಊರಲ್ಲಿ ಯಾರಿದ್ದಾನೆ? ತನ್ನ ಬುದ್ಧಿಗೆ ತಾನೇ ಹೊಡೆದುಕೊಳ್ಳುವಷ್ಟು ಸಿಟ್ಟು ಬಂತು ಅವನಿಗೆ.

ಗೊಂಚಲುಗಳನ್ನು ಇಳಿಸಿಬಿಡಿ ಎಂದು ಪಂಚಾಯಿತಿಯ ಆಳುಗಳಿಗೆ ಹೇಳಿದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚರಂಡಿಗೆ ಇಳಿಯಿರಿ ಎಂದರೆ ಇಳಿಯುತ್ತೇವೆ, ಹೆಣ ಎತ್ತಿ ಎಂದರೆ ಎತ್ತುತ್ತೇವೆ, ಇದೊಂದು ಬೇಡ ಸಾಮಿ ಅಂದರು. ಮನೆಯವರನ್ನು ಕೇಳಿದರೆ, ಮೂರನೇ ನೀರು ಆಗದೆ ಮುಟ್ಟಿದವರ ವಂಶ ಉಳಿಯುವುದಿಲ್ಲ ಅಂದರು. ಮೈಕು ಕಟ್ಟಿಸಿ ಇದು ಅಮ್ಮ ಅಲ್ಲ, ಕೊರೋನ ಎಂದು ಕೂಗಿಸಿದ. ಕೂಗಿದವನೇ ಮೈಕು ಇಟ್ಟು ಕೆನ್ನೆ ಬಡಿದುಕೊಂಡ. ಮೊದಲು ಯಾರನ್ನೂ ಮನೆಯೊಳಗೆ ಕೂರಿಸಲಾಗಲಿಲ್ಲ. ಈಗ ಯಾರನ್ನೂ ಮನೆಯಿಂದ ಎಬ್ಬಿಸಲಾಗಲಿಲ್ಲ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು.

ಕಟ್ಟಿದವಳೇ ಇಳಿಸಬೇಕು, ಬೇರೆ ದಾರಿಯಿಲ್ಲ ಎಂದು ಅಕ್ಕನಿಗೆ ಫೋನು ಮಾಡಿದ. ಎತ್ತಿದವನು ಭಾವ ಅಳಗರ್. ಮನೆಯ ಹಸುವಿನ ಹತ್ತಿರ ಆಡಿದಷ್ಟು ಮಾತನ್ನೂ ಮನುಷ್ಯರ ಹತ್ತಿರ ಆಡದ ಸಾಧು ಅವನು. ಅವಳು ಮಾತಾಡುವ ಹಾಗಿಲ್ಲ, ಆತ್ತಾ ಬಂದಿದ್ದಾಳೆ ಅಂದ. ಅವರ ಕಡೆ ಆತ್ತಾ ಎಂದರೆ ಮಾರಿಯಮ್ಮ. ಮನೆ ಮನೆಗೆ ಹೋಗಿ ಬೇವು ಕಟ್ಟಿದವಳಿಗೆ ಜ್ವರ ಹತ್ತಿಕೊಂಡಿತ್ತು, ಏಳಲಾರದಷ್ಟು. ಕಡೆಯ ಗೊಂಚಲನ್ನು ಅವಳು ತನ್ನ ಬಾಗಿಲಿಗೇ ಕಟ್ಟಿಕೊಂಡು ಒಳಗೆ ಹೋಗಿ ಮಲಗಿದ್ದಳು.

ತಂಗವೇಲ್ ಮಣಿಮೇಗಲೈಯನ್ನು ಕರೆದುಕೊಂಡು ಓಡಿದ. ದಾರಿಯಲ್ಲೇ ಆಂಬುಲೆನ್ಸಿಗೆ ಫೋನು ಮಾಡಿಸಿದ. ಅಕ್ಕನ ಬಾಗಿಲ ಮುಂದೆ ನಿಂತಾಗ ಎದುರು ಮನೆಯ ಕಿಟಕಿಗಳಲ್ಲಿ ಮುಖಗಳು ಕಾಣಿಸಿದವು. ಗೊಂಚಲು ಇನ್ನೂ ಹಸಿರಾಗಿತ್ತು. ಒಳಗೆ ನಡುಮನೆಯಲ್ಲಿ ಅಕ್ಕ ಚಾಪೆಗೆ ಹಾಸಿದ ಸೊಪ್ಪಿನ ಮೇಲೆ ಮಲಗಿದ್ದಳು. ಎದೆ ಮೇಲೆ ಕೆಳಗೆ ಆಗುತ್ತಿದ್ದುದು ಹೊಸಿಲಿನಿಂದಲೇ ಕಾಣುತ್ತಿತ್ತು. ಆಸ್ಪತ್ರೆಗೆ ಹೋಗೋಣ ಏಳು ಅಂದ. ಅವಳು ಕೈಯಾಡಿಸಿ ಬೇಡವೆಂದಳು. ಇದು ಆತ್ತಾ ಅಲ್ಲ, ಜ್ವರ, ನೀನೇ ಅಲ್ಲವೆ ನನಗೆ ಉಪಾಯ ಹೇಳಿಕೊಟ್ಟವಳು ಎಂದು ಗದರಿಸಿದ.

"ಕಟ್ಟೋವರೆಗೂ ಉಪಾಯ ತಂಬಿ," ಅಂದಳು ಅವಳು. ಒಂದೊಂದು ಮಾತಿಗೂ ಉಸಿರು ಹುಡುಕಬೇಕಾಗಿತ್ತು. "ಕಟ್ಟಿದ ಮ್ಯಾಲೆ ಇದು ಆತ್ತಾಳ ಮನೆ. ನಂದೂ ಅಲ್ಲ, ನಿಂದೂ ಅಲ್ಲ. ನಿನಗೂ ಒಬ್ಬಳು ಮಗಳವ್ಳೆ. ಮುಟ್ಟಬ್ಯಾಡ. ಓಗು."

ಮಗಳ ಮಾತು ಬಂದಾಗ ಅವನು ಒಂದು ಹೆಜ್ಜೆ ಹಿಂದೆ ಸರಿದ. ಜನನಿ ಅವನಿಗೆ ಒಬ್ಬಳೇ ಮಗಳು, ಹತ್ತು ವರ್ಷದ ಕೂಸು. ದೇವರಿಗೆ ಹೆದರದ ಶೂರನಲ್ಲ ತಂಗವೇಲ್. ಶನಿವಾರ ಕ್ಷೌರ ಮಾಡಿಸಲೂ ಹೆದರುವವನು. ಆದರೆ ರಾಮರ್‌ನ ಹೆಂಡತಿ ಕೇಳಿದ ಮಾತು ಅವನ ಕಿವಿಯಲ್ಲಿ ಇನ್ನೂ ಕೂತಿತ್ತು. ಎಲ್ಲರೂ ನೋಡುತ್ತಿರುವಾಗಲೇ ಕೈ ಎತ್ತಿ ಗೊಂಚಲನ್ನು ಕಿತ್ತು ಕೆಳಗೆ ಹಾಕಿದ. ಅಳಗರ್ ಕಣ್ಣು ಮುಚ್ಚಿಕೊಂಡ. ಎದುರು ಮನೆಯ ಕಿಟಕಿಯೊಂದು ಪಟ್ಟನೆ ಮುಚ್ಚಿಕೊಂಡಿತು. ಅಕ್ಕ ಕೂಗಿಕೊಳ್ಳಲಿಲ್ಲ, ಕೂಗುವಷ್ಟು ಉಸಿರು ಇರಲಿಲ್ಲ. ಮಣಿಮೇಗಲೈ ಒಳಗೆ ಹೋಗಿ ಬೆರಳಿಗೆ ಮಿಷನ್ನು ಸಿಕ್ಕಿಸಿದಳು. ತೊಂಬತ್ತೈದರ ಮೇಲಿರಬೇಕಾದದ್ದು ಎಂಬತ್ತೂ ಇರಲಿಲ್ಲ.

ಇಬ್ಬರೂ ಸೇರಿ ಅವಳನ್ನು ಚಾಪೆಯ ಸಮೇತ ಎತ್ತಿ ಹೊರಗೆ ತಂದರು. ಬೀದಿಯ ಎರಡೂ ಕಡೆ ಜನ ಬಾಗಿಲುಗಳಲ್ಲಿ ನಿಂತಿದ್ದರು, ಬೇವಿನ ಕೆಳಗೆ. ಯಾರೂ ಹತ್ತಿರ ಬರಲಿಲ್ಲ, ಯಾರೂ ಬೈಯಲೂ ಇಲ್ಲ. ಎಲ್ಲರ ಕಣ್ಣೂ ತಂಗವೇಲ್‌ನ ಕೈಯ ಮೇಲೆಯೇ ಇತ್ತು. ಆಂಬುಲೆನ್ಸಿನ ಹತ್ತಿರ ಬಂದಾಗ ಪಾಂಡಿಯಮ್ಮಾಳ್ ತಮ್ಮನ ತೋಳು ಹಿಡಿದು ನಿಲ್ಲು ಅಂದಳು. ತಲೆ ತಿರುಗಿಸಿ ಬೀದಿಯನ್ನು ನೋಡಿದಳು. ಆಮೇಲೆ ಎಲ್ಲಿಂದ ತಂದಳೋ ಉಸಿರನ್ನು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಅವನು ತಾನಾಗಿ ಕೀಳ್ಲಿಲ್ಲ. ನಾನೇ ಅಂದೆ, ಕೀಳು ಅಂತ. ಪಾಪ ನಂದು. ನೀವೂ ಕೀಳಿ, ಆಸುಪತ್ರಿಗೆ ಓಗಿ. ಅದ್ರ ಪಾಪಾನೂ ನನ್ನ ತಲೆಗೇ ಇರ್ಲಿ."

ಸುಳ್ಳು. ಜೀವಮಾನದಲ್ಲಿ ಅವಳು ಆಡಿದ ಮೊದಲ ಸುಳ್ಳೋ ಏನೋ, ಆತ್ತಾಳ ಎದುರಿಗೇ ಆಡಿದಳು. ತಂಗವೇಲ್ ಇಲ್ಲವೆಂದು ಹೇಳಲು ಬಾಯಿ ತೆರೆದ. ಅವಳು ತೋಳನ್ನು ಚಿವುಟಿದಳು, ಚಿಕ್ಕಂದಿನಲ್ಲಿ ನೆಂಟರ ಮುಂದೆ ಚಿವುಟುತ್ತಿದ್ದ ಹಾಗೆಯೇ. ಅವನು ಅವಳನ್ನು ಆಂಬುಲೆನ್ಸಿಗೆ ಏರಿಸಿದ.

ತಗಡು, ಚೀಟಿ, ಮೈಕು, ಸರ್ಕಾರ ಎಲ್ಲ ಸೇರಿ ಮಾಡಲಾಗದ್ದನ್ನು ಆ ಮಾತು ಮಾಡಿತು. ಮೊದಲು ರಾಮರ್‌ನ ಹೆಂಡತಿ ತನ್ನ ಬಾಗಿಲಿನ ಗೊಂಚಲನ್ನು ಇಳಿಸಿ, ಪಾಪ ಪಾಂಡಿಯಮ್ಮಾಳ್ ತಲೆಗೆ ಎಂದು ಹೇಳಿ, ಕೆಮ್ಮುತ್ತಿದ್ದ ಅತ್ತೆಯನ್ನು ಹೊರಗೆ ಕರೆತಂದಳು. ಆಮೇಲೆ ಪಕ್ಕದ ಮನೆ. ಆಮೇಲೆ ಕರುಪ್ಪಸಾಮಿ. ಪ್ರತಿ ಮನೆಯವರೂ ಗೊಂಚಲು ಕೀಳುವಾಗ ಅದೇ ಮಾತು ಹೇಳಿ ಕಿತ್ತರು. ಸಂಜೆಯೊಳಗೆ ಊರಿನ ಬಾಗಿಲುಗಳೆಲ್ಲ ಬೋಳಾದವು. ಮಣಿಮೇಗಲೈ ಒಂದೊಂದೇ ಮನೆಗೆ ಹೋಗಿ ಬೆರಳು ಹಿಡಿದಳು, ಉಸಿರು ಇಳಿದವರನ್ನು ತೇನಿಯ ಆಸ್ಪತ್ರೆಗೆ ಕಳಿಸಿದಳು. ಅಷ್ಟರಲ್ಲಿ ತಡವಾಗಿದ್ದವರು ಇಬ್ಬರು ಬದುಕಲಿಲ್ಲ. ಉಳಿದವರು ಬದುಕಿದರು. ಕರುಪ್ಪಸಾಮಿ ಆಸ್ಪತ್ರೆಯಿಂದ ಬಂದವನೇ ತಗಡನ್ನು ಮತ್ತೆ ಕೋಳಿಗೂಡಿಗೆ ಹಾಕಿದ, ಅದು ಬೇರೆ ಮಾತು.

ಪಾಂಡಿಯಮ್ಮಾಳ್ ಕೂಡ ಬಂದಳು. ಬಂದವಳು ಅರ್ಧ ಆಳಾಗಿದ್ದಳು. ನಾಲ್ಕು ಹೆಜ್ಜೆ ಇಟ್ಟರೆ ಕೂರಬೇಕಾಗಿತ್ತು. ಊರಿನವರು ನೋಡಲು ಬಂದರು, ಹಣ್ಣು ತಂದರು, ಹೊಸಿಲಾಚೆ ನಿಂತು ಮಾತಾಡಿಸಿ ಹೋದರು. ಆಗಸ್ಟ್ ಹದಿನೈದಕ್ಕೆ ಯೂನಿಯನ್ ಆಫೀಸಿನಲ್ಲಿ ತಂಗವೇಲ್‌ಗೆ ಶಾಲು ಹೊದೆಸಿ ಒಂದು ಫಲಕ ಕೊಟ್ಟರು, ಕೊರೋನ ಕಾಲದಲ್ಲಿ ಒಳ್ಳೆಯ ಸೇವೆ ಮಾಡಿದ್ದಕ್ಕೆ. ಅವನು ಅದನ್ನು ತಂದು ಪಂಚಾಯಿತಿಯ ಬೀರುವಿನಲ್ಲಿಟ್ಟು ದಪ್ಪ ದಿಂಡಿಗಲ್ ಬೀಗ ಹಾಕಿದ. ಆ ಫಲಕ ಕಣ್ಣಿಗೆ ಬೀಳುವುದೇ ಅವನಿಗೆ ಬೇಡವಾಗಿತ್ತು.

ಮರುವರ್ಷ ಬೇಸಗೆಯಲ್ಲಿ ಜನನಿಗೆ ಅಮ್ಮ ಎದ್ದಿತು. ತೋಟದಿಂದ ಬಂದ ತಂಗವೇಲ್ ನೋಡುತ್ತಾನೆ, ಬಾಗಿಲಿಗೆ ಆಗಲೇ ಬೇವು ಕಟ್ಟಿದೆ. ಗಂಟು ಅಕ್ಕನದಲ್ಲ. ಅಕ್ಕ ಎರಡು ಸುತ್ತು ಸುತ್ತಿ ಎಡಕ್ಕೆ ಬಿಗಿಯುತ್ತಿದ್ದಳು. ಇದನ್ನು ಯಾರೋ ಬಲಕ್ಕೆ ಬಿಗಿದಿದ್ದರು. ಒಳಗೆ ಹೋಗಿ ಹೆಂಡತಿಯನ್ನು ಕೇಳಿದ. ಅಮುದಾ ಮಗಳ ಪಕ್ಕದಲ್ಲಿ ಕೂತಿದ್ದವಳು ತಲೆ ಎತ್ತಲಿಲ್ಲ. ಮೇಲುಬೀದಿಯ ಹೆಂಗಸನ್ನು ಕರೆಸಿದೆ ಅಂದಳು. ಅಕ್ಕನನ್ನು ಒಂದು ಮಾತು ಕೇಳಿದೆಯಾ ಎಂದರೆ, ಇಲ್ಲ, ಯಾರನ್ನೂ ಕೇಳಲಿಲ್ಲ ಅಂದಳು. ಅವನು ಮನೆ ಹಾರಿಹೋಗುವ ಹಾಗೆ ರೇಗಿದ. ಅಕ್ಕ ಇಲ್ಲದಿದ್ದರೆ ಈ ಊರಲ್ಲಿ ಇನ್ನೆಷ್ಟು ಹೆಣ ಬೀಳುತ್ತಿತ್ತು ಗೊತ್ತಾ ಅಂದ. ಅಮುದಾ ಎಲ್ಲವನ್ನೂ ಕೇಳಿಸಿಕೊಂಡಳು.

"ಗೊತ್ತು," ಅಂದಳು ಕಡೆಗೆ. ಅಳುತ್ತಿದ್ದಳು. "ಊರೆಲ್ಲ ಪಾಪಾನ ಅವ್ರ ತಲೆ ಮ್ಯಾಲೆ ಆಕೈತೆ. ಆ ಕೈಯಿಂದ ನನ್ನ ಕೂಸಿನ ತಲೆ ಮುಟ್ಸಕ್ಕೆ ನಂಗೆ ಭಯ. ನೀವು ಬೇಕಾದ್ರೆ ನನ್ನ ಒಡೀರಿ."

ಆಗ ಅವನಿಗೆ ಒಂದೊಂದೇ ನೆನಪಾಯಿತು. ಬೇಸಗೆಯ ಮೊದಲಿಗೆ, ಪಂಗುಣಿ ತಿಂಗಳಲ್ಲಿ, ಕೆಳಬೀದಿಯಲ್ಲಿ ಎರಡು ಮನೆಗೆ ಅಮ್ಮ ಬಂದಿತ್ತು; ಆ ಬಾಗಿಲುಗಳಲ್ಲೂ ಗಂಟು ಬಲಕ್ಕೇ ಇತ್ತು. ಜನ ಹಣ್ಣು ತಂದಿದ್ದರು, ಹೊಸಿಲು ದಾಟಿರಲಿಲ್ಲ. ಅವರ ಜೀವ ಉಳಿಸಿದವಳನ್ನು ಅವರು ಕೈ ಮುಗಿದು ದೂರ ಇಟ್ಟಿದ್ದರು. ಕೃತಘ್ನರು ಎಂದು ಬೈಯೋಣವೆಂದರೆ ಅವರು ಅವಳ ಮಾತನ್ನೇ ನಡೆಸುತ್ತಿದ್ದರು. ಪಾಪ ನನ್ನ ತಲೆಗಿರಲಿ ಎಂದಿದ್ದಳು, ಇದ್ದೇ ಇತ್ತು. ಅಕ್ಕ ಕೀಳು ಅಂದಿರಲಿಲ್ಲ, ತಾನಾಗಿಯೇ ಕಿತ್ತದ್ದು ಎಂದು ಈಗ ಮೈಕು ಕಟ್ಟಿ ಕೂಗಿದರೂ ಯಾರು ನಂಬುತ್ತಾರೆ?

ಬೇವಿನ ಮನೆಯಿಂದ ಹೊರಗೆ ಹೋಗಬಾರದು. ಅವನು ಹೋದ. ಅಕ್ಕ ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ತಮ್ಮನ ಮುಖ ನೋಡಿದೊಡನೆಯೇ ಅವಳಿಗೆ ತಿಳಿಯಿತು. ಆ ಬೀದಿಯಲ್ಲಿ ಬೇವು ಹೊತ್ತು ಹೋದವರು ಅವಳ ಜಗಲಿ ದಾಟಿಯೇ ಹೋಗಬೇಕು. ಬಾ, ನೀನೇ ಬಂದು ಮತ್ತೆ ಕಟ್ಟು, ಅದನ್ನು ಕಿತ್ತು ಹಾಕುತ್ತೇನೆ ಎಂದು ಅವಳ ಕೈ ಹಿಡಿದ. ಅವಳು ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಇನ್ನೊಂದ್ಸಲ ಕೀಳ್ತೀಯಾ?" ಅಂದಳು. ನಕ್ಕಳು ಕೂಡ. ಆಮೇಲೆ ಹುಣಸೆಹಣ್ಣಿನ ಕಡೆ ಕಣ್ಣಿಟ್ಟು ಹೇಳಿದಳು. "ಅಮುದಾನ ಬೈಬ್ಯಾಡ ತಂಬಿ. ನಾನೇ ಅಂದೆ, ಮೇಲುಬೀದಿಯೋಳನ್ನ ಕರೆ ಅಂತ."

ಅಮುದಾ ಯಾರನ್ನೂ ಕೇಳಿರಲಿಲ್ಲ. ತಂಗವೇಲ್ ಅಕ್ಕನ ಪಕ್ಕದಲ್ಲಿ ಜಗಲಿಯ ಮೇಲೆ ಕುಸಿದು ಕೂತ. ಒಂದು ಹುಣಸೆಹಣ್ಣನ್ನು ತೆಗೆದುಕೊಂಡು ತಾನೂ ಬೀಜ ಬಿಡಿಸತೊಡಗಿದ. ಅವಳು ಅದನ್ನು ಅವನ ಕೈಯಿಂದ ಕಿತ್ತುಕೊಂಡು, ಕೂಸನ್ನು ಬಿಟ್ಟು ಇಲ್ಲೇನು ಕೆಲಸ, ಮನೆಗೆ ಹೋಗು, ಮೂರು ನೀರು ಆಗುವವರೆಗೆ ಸಾರಿಗೆ ಒಗ್ಗರಣೆ ಹಾಕಬೇಡ ಎಂದು ಅಮುದಾಗೆ ಹೇಳು, ಎಂದು ಎಬ್ಬಿಸಿ ಕಳಿಸಿದಳು.